ಹಳೇ ಲೆನ್ಸ್ ವಯಸ್ಸು, ಗಟ್ಟಿತನ ತಿಳಿಯೋದು ಹೇಗೆ?

ಕ್ಯಾಮೆರಾಕ್ಕೆ ಹಳೆಯ ಮ್ಯಾನ್ಯುಯಲ್ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್ ಒಂದೆರಡು ಕೊಳ್ಳಬೇಕು ಅಂತಿದ್ದೇನೆ. ಯಾವ ಕಾಲದ್ದು, ಚೆನ್ನಾಗಿ ಮಾಡಿದ್ದಾರಾ ಅಂತ ನೀವು ಹೇಗೆ ನೋಡುತ್ತೀರಿ? ಅನುಭವ ಇದ್ದವರು ಹೇಳಿ.

*

ವರ್ಷಕ್ಕೆ ಅಂಕಿ, ಅಕ್ಷರ ನೋಡಿ. ಸೋವಿಯತ್ ಲೆನ್ಸ್‌ಗಳ ಸೀರಿಯಲ್ ನಂಬರಿನಲ್ಲಿ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. ನನ್ನ ಹೀಲಿಯೋಸ್ 44-2ರ ನಂಬರು 78ರಿಂದ ಶುರುವಾಗುತ್ತದೆ, ಅಂದರೆ 1978. ಕ್ಯಾನನ್ ಆದರೆ ಹಿಂಭಾಗದಲ್ಲಿ ಎರಡು ಅಕ್ಷರ ಇರುತ್ತವೆ. ಮೊದಲನೆಯದು ಕಾರ್ಖಾನೆ, ‘ಯು’ ಅಂದರೆ ಉತ್ಸುನೊಮಿಯಾ. ಎರಡನೆಯದು ವರ್ಷ. 1960ಕ್ಕೆ ‘ಎ’, ಇಪ್ಪತ್ತಾರು ಅಕ್ಷರ ಮುಗಿದ ಮೇಲೆ 1986ಕ್ಕೆ ಮತ್ತೆ ‘ಎ’. ಹಾಗಾಗಿ ‘ಆರ್’ ಇದ್ದರೆ 1977 ಇರಬಹುದು, 2003 ಇರಬಹುದು. ಮೌಂಟ್, ಅಂದರೆ ಕ್ಯಾಮೆರಾಕ್ಕೆ ಕೂರಿಸುವ ಭಾಗ, ನೋಡಿದರೆ ಗೊತ್ತಾಗುತ್ತದೆ. ಕ್ಯಾನನ್‌ನ ಇಎಫ್ ಮೌಂಟ್ ಬಂದಿದ್ದೇ 1987ರಲ್ಲಿ, ಅದಿದ್ದರೆ 2003.

*

ವಯಸ್ಸು ಬಿಡಿ, ತೂಕ ನೋಡಿ ಮೋಸ ಹೋಗಬೇಡಿ. ನಾನು ಹೋಗಿದ್ದೇನೆ! ಪೂರ್ತಿ ಲೋಹದ ಲೆನ್ಸ್, ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ. ಖುಷಿಯಾಗಿ ತಂದೆ. ಮನೆಗೆ ಬಂದು ನೋಡಿದರೆ ಅಪರ್ಚರ್ ಬ್ಲೇಡ್ (ಬೆಳಕಿನ ಕಿಂಡಿ ಹಿರಿದು ಕಿರಿದು ಮಾಡುವ ತೆಳು ಎಸಳು) ಮೇಲೆಲ್ಲ ಎಣ್ಣೆ. ಎಫ್16ಕ್ಕೆ, ಅಂದರೆ ಸಣ್ಣ ಕಿಂಡಿಗೆ, ಇಟ್ಟರೂ ನಿಧಾನಕ್ಕೆ ಮುಚ್ಚಿಕೊಳ್ಳುತ್ತಿತ್ತು, ತೆಗೆದ ಫೋಟೋ ಎಲ್ಲ ಬೆಳ್ಳಗೆ. ಈಗ ಮೊದಲು ಫೋಕಸ್ ರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತೇನೆ. ಒಂದೇ ಸಮನೆ ಮೆತ್ತಗೆ ಬಂದರೆ ಸರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಒಳಗಿನ ಗ್ರೀಸ್ ಒಣಗಿದೆ. ಮುಂಭಾಗ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ಸ್ಕ್ರೂ ತಲೆ ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂತೆ ಕಂಡರೆ ಫಂಗಸ್, ಮಂಜು ಕವಿದಂತಿದ್ದರೆ ಹೇಜ್. ಒಂದೆರಡು ಧೂಳಿನ ಕಣಕ್ಕೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಂತ ಪ್ಲಾಸ್ಟಿಕ್ ಅಂದ ತಕ್ಷಣ ಮೂಗು ಮುರಿಯೋದೂ ಬೇಡ. ಕ್ಯಾನನ್ 50 ಎಂಎಂ ಎಫ್1.8ರಲ್ಲಿ 1987ರದ್ದಕ್ಕೆ ಲೋಹದ ಮೌಂಟ್, 1990ರದ್ದಕ್ಕೆ ಪ್ಲಾಸ್ಟಿಕ್. ಒಳಗಿನ ಗಾಜಿನ ವಿನ್ಯಾಸ ಎರಡಕ್ಕೂ ಒಂದೇ.

*

ಪೆಂಟಾಕ್ಸ್‌ನವರ ಹಳೇ ಲೆನ್ಸ್ ಸೂಪರ್ ಟಕುಮಾರ್ 50 ಎಂಎಂ ಎಫ್1.4 ಸಿಕ್ಕಿ, ಗಾಜು ಚಹಾ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಗಾಜಿನಲ್ಲಿ ಥೋರಿಯಂ ಇದೆ, ಅದರ ವಿಕಿರಣಕ್ಕೆ ಹಳದಿಯಾಗುತ್ತದೆ. ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಜಾಸ್ತಿ ಭಾಗ ತಿಳಿಯಾಗುತ್ತದೆ.

*

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯ ಕೊಟ್ಟ ಕ್ಯಾನನ್ ಎಫ್‌ಡಿ (ಇಎಫ್‌ಗಿಂತ ಹಿಂದಿನ ಮೌಂಟ್) ಲೆನ್ಸ್ ತಿರುಗಿಸಿ ನೋಡಿದೆ, ಎರಡನೇ ಅಕ್ಷರ ‘ವಿ’. 1981 ಅಲ್ವಾ? ಆದರೆ ಅಪರ್ಚರ್ ರಿಂಗ್ ತಿರುಗಿಸಿದರೂ ಬ್ಲೇಡ್ ಅಲ್ಲಾಡುತ್ತಿಲ್ಲ.

*

ಹೌದು, 1981. ಎಫ್‌ಡಿ ಲೆನ್ಸ್ ಹಾಗೇನೇ, ಕ್ಯಾಮೆರಾದಿಂದ ಬಿಚ್ಚಿಟ್ಟಾಗ ಬ್ಲೇಡ್ ಅಲ್ಲಾಡಲ್ಲ. ಕ್ಯಾಮೆರಾಕ್ಕೆ ಹಾಕಿ ನೋಡಿ, ಕೆಟ್ಟಿದೆ ಅಂತ ಈಗಲೇ ವಾಪಸ್ ಕೊಡಬೇಡಿ.