ಪದ ಬೇಕು: ಚಾರ್ಟಿನ ಮೂರನೇ ಸಾಲಿಗೆ, ನಾಳೆ ಬೆಳಗ್ಗೆಯೊಳಗೆ

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಗಣಿತ ಮೇಳಕ್ಕೆ ಕಾಸರಗೋಡು ಜಿಲ್ಲೆಯ ನಮ್ಮ ಕನ್ನಡ ಶಾಲೆಯ ಮಕ್ಕಳು ಒಂದು ಚಾರ್ಟ್ ಮಾಡ್ತಾ ಇದ್ದಾರೆ. ನಾಳೆ ಹತ್ತು ಗಂಟೆಗೆ ಅದು ಗೋಡೆಗೆ ಏರಬೇಕು. ಲೆಕ್ಕ ಅಡಿಕೆ ತೋಟದ್ದು, ಕೊಳೆರೋಗಕ್ಕೆ ಮದ್ದು ಬಿಟ್ಟ (ಅಂದರೆ ಸಿಂಪಡಿಸಿದ) ಮರಗಳದ್ದು, ಬಿಡದ ಮರಗಳದ್ದು. ಅಂಕೆಗಳು ನಾವೇ ಕಟ್ಟಿದ್ದು, ಯಾರ ತೋಟದ್ದೂ ಅಲ್ಲ.

ಮದ್ದು ಬಿಟ್ಟ ಮರ: ರೋಗ ಬಂದದ್ದು 18, ಬಾರದ್ದು 102, ಒಟ್ಟು 120
ಮದ್ದು ಬಿಡದ ಮರ: ರೋಗ ಬಂದದ್ದು 32, ಬಾರದ್ದು 48, ಒಟ್ಟು 80
ಎಲ್ಲ ಸೇರಿ: ರೋಗ ಬಂದದ್ದು 50, ಬಾರದ್ದು 150, ಒಟ್ಟು 200

ಚಾರ್ಟಿನ ಮೊದಲ ಸಾಲಿಗೆ 'ಸಂಭವನೀಯತೆ' ಎಂದು ಬರೆದೆವು. ಕಣ್ಣು ಮುಚ್ಚಿ ತೋಟದಲ್ಲಿ ಒಂದು ಮರ ಮುಟ್ಟಿದರೆ ಅದು ಕೊಳೆರೋಗದ್ದಾಗಿರುವುದು 50/200, ಅಂದರೆ ಕಾಲು. ಎರಡನೇ ಸಾಲು ಮದ್ದೂ ಬಿಟ್ಟು ರೋಗವೂ ಬಂದದ್ದು, 18/200. ಇವೆರಡಕ್ಕೆ ಯಾರದ್ದೂ ತಕರಾರಿಲ್ಲ. ಮೂರನೆಯದರಲ್ಲಿ ಸಿಕ್ಕಿಬಿದ್ದೆವು. ಮದ್ದು ಬಿಟ್ಟ 120 ಮರಗಳನ್ನು ಮಾತ್ರ ಎದುರಿಟ್ಟುಕೊಂಡು ಅವುಗಳಲ್ಲಿ ರೋಗದ್ದೆಷ್ಟು ಅಂತ ನೋಡುವುದು, 18/120. ಇದಕ್ಕೆ ಪುಸ್ತಕದ ಮಾತು 'ಷರತ್ತುಬದ್ಧ ಸಂಭವನೀಯತೆ'. ಬರೆಯಲು ಹೇಳಿದೆ. ಬರೆಯುತ್ತಿದ್ದ ಹುಡುಗಿ ಸ್ಕೆಚ್ ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು, "ಟೀಚರ್, ಯಾರು ಯಾರಿಗೆ ಷರತ್ತು ಹಾಕಿದ್ದು? ಮರಕ್ಕಾ?"

ನನಗೆ ಉತ್ತರ ಹೊಳೆಯಲಿಲ್ಲ. ಪೆನ್ಸಿಲಿನಲ್ಲಿ ದೊಡ್ಡದಾಗಿ ಒಂದು 'ಷ' ಬರೆದು ಅಲ್ಲಿಗೇ ನಿಲ್ಲಿಸಿದ್ದೇವೆ. ಬೇರೆ ಪದ ಉಂಟಾ? ಮೇಲಿನ ಅಂಕೆಗಳ ಕೋಷ್ಟಕಕ್ಕೆ ಇರುವ 'ದ್ವಿಮುಖ ಕೋಷ್ಟಕ' ಎಂಬ ಹೆಸರಿಗೂ ಬದಲಿ ಏನಾದರೂ ಹೊಳೆದರೆ ಹೇಳಿ, ಅದು ಎರಡು ತಲೆಯ ಹಾವಿನ ಹಾಗೆ ಕೇಳ್ತದೆ.

ಬೆಂಗಳೂರಿನಿಂದ:

ಷರತ್ತು ಅರಬ್ಬಿ. ಬದ್ಧ ಸಂಸ್ಕೃತ. ಸಂಭವನೀಯತೆ ಸಂಸ್ಕೃತ. ಇದರಲ್ಲಿ ಕನ್ನಡ ಯಾವುದು, ತೋರಿಸಿ. 'ಕಟ್ಟಲೆಯ ಆಗುಮೆ' ಎಂದು ಬರೆಸಿ. ಕೋಷ್ಟಕವೂ ಬೇಡ, 'ಪಟ್ಟಿ' ಸಾಕು.

ಮಂಜೇಶ್ವರದಿಂದ:

'ಆಗುಮೆ' ಯಾವ ಊರಿನ ಮಾತು? 'ಪಟ್ಟಿ'ಯ ಹುಟ್ಟನ್ನೂ ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು, ಸಂಸ್ಕೃತದ ಮನೆಯಿಂದಲೇ ಬಂದದ್ದು. ನಿಜವಾದ ತಪ್ಪು ಇರುವುದು ಬೇರೆ ಕಡೆ. 'ಸಂಭವನೀಯ' ಎಂಬ ರೂಪವೇ ಸರಿಯಲ್ಲ. ಭೂ ಧಾತು ಅಕರ್ಮಕ, ಅದಕ್ಕೆ ಹಚ್ಚಿದ 'ಅನೀಯ' ಪ್ರತ್ಯಯ ಭಾವಾರ್ಥದಲ್ಲಿ, ಅಂದರೆ ಬರೀ ಕ್ರಿಯೆಯನ್ನು ಹೇಳಲು, ಮಾತ್ರ ನಿಲ್ಲುತ್ತದೆ, ಘಟನೆಗೆ ವಿಶೇಷಣವಾಗದು. ಪ್ರೇರಣಾರ್ಥಕ ಮಾಡಿ 'ಸಂಭಾವ್ಯ' ಎನ್ನಬೇಕು. ತೆಲುಗಿನವರೂ ಮರಾಠಿಯವರೂ ಅದನ್ನೇ ಇಟ್ಟುಕೊಂಡಿದ್ದಾರೆ. 'ನಿಬಂಧಿತ ಸಂಭಾವ್ಯತೆ'. ಚರ್ಚೆ ಮುಗಿಯಿತು.

ಅಕ್ಕಲಕೋಟೆಯಿಂದ:

ಮುಗಿದಿಲ್ರಿ. ಇಲ್ಲೆ ಮಹಾರಾಷ್ಟ್ರದಾಗ ಮರಾಠಿಯವರು ಸಂಭಾವ್ಯತಾ ಅಂತಾರ ಖರೆ, ಹಿಂದಿಯವರು ಪ್ರಾಯಿಕತಾ ಅಂತಾರ. ಒಂದ ಸಂಸ್ಕೃತ, ಎರಡ ಶಬ್ದ. ವ್ಯಾಕರಣ ಒಂದ ಹೇಳಿದ್ರ ಹಿಂಗ ಯಾಕ ಆಗ್ತಿತ್ತು? ಷರತ್ತು ಅರಬ್ಬಿ ಅಂತ ಹೊರಗ ಹಾಕೂದಾದ್ರ ವಕೀಲ, ರಜಾ, ತಕರಾರು ಎಲ್ಲಾ ಹೊರಗ ಹಾಕ್ರಿ. ಜಮೀನು, ಕಾಗದ ಫಾರ್ಸಿ, ಅವನ್ನೂ ಹಾಕ್ರಿ. ಆಮ್ಯಾಲ ನಮ್ಮ ಕಡೆ ಹೊಲದ ಖಟ್ಲೆ ಯಾವ ಭಾಷಾದಾಗ ನಡಸೂದು?

ತಾಳವಾಡಿಯಿಂದ:

ತಮಿಳಿನವರು ಇದಕ್ಕೆ 'ನಿಗಳ್‌ತಗವು' ಎನ್ನುತ್ತಾರೆ. ನಿಗಳ್ ಎಂದರೆ ನಡೆ, ಆಗು. ತಗವು ಎಂದರೆ ತಕ್ಕುದಾಗಿರುವುದು. ನಮ್ಮಲ್ಲೂ ತಗು, ತಕ್ಕ ಇವೆ. ಇಲ್ಲಿ ತಮಿಳುನಾಡಿನಲ್ಲಿ ನಮ್ಮ ಮಕ್ಕಳು ಎರಡೂ ಭಾಷೆಯಲ್ಲಿ ಓದುವುದರಿಂದ ಹೋಲಿಕೆ ತಾನೇ ಕಣ್ಣಿಗೆ ಬೀಳುತ್ತದೆ.

ಬೆಂಗಳೂರಿನಿಂದ:

ಅದೇ! 'ಆಗುತಗವು'. ಇನ್ನು ಮಾತಿಲ್ಲ.

ಮಡಕಶಿರಾದಿಂದ:

ಮಾತಿದೆ ಸ್ವಾಮಿ. ತೆಲುಗಿನಲ್ಲಿ ತಗವು ಅಂದರೆ ಜಗಳ. ಆಂಧ್ರದ ನಮ್ಮೂರಿನಲ್ಲಿ 'ಆಗುತಗವು' ಅಂತ ಬೋರ್ಡ್ ಬರೆದರೆ ಮುಂದೆ ಇಲ್ಲಿ ಜಗಳ ಆಗ್ತದೆ ಅಂತ ಓದಿಕೊಂಡು ಜನ ಪಕ್ಕದ ರಸ್ತೆ ಹಿಡೀತಾರೆ. ಈ ಗುಂಪಿಗಂತೂ ಒಳ್ಳೆ ಹೆಸರು.

ಉಪ್ಪಳದಿಂದ:

ಕೇರಳದ ಮಲಯಾಳ ಗಣಿತ ಪುಸ್ತಕದಲ್ಲಿ 'ಸಾಧ್ಯತ' ಉಂಟು. ಹತ್ತಿರದ್ದನ್ನು ತೆಗೆದುಕೊಂಡರೆ ಆಗದಾ, 'ಸಾಧ್ಯತೆ'?

ಬೆಂಗಳೂರಿನಿಂದ:

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಹೇರಿಸಿಕೊಂಡದ್ದು ಸಾಲದೇ? ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿಯೇ ಹೇಳಿತು. ನೆಲ ಬರಲಿಲ್ಲ. ಪದವನ್ನಾದರೂ ಉಳಿಸಿಕೊಳ್ಳಿ.

ಉಪ್ಪಳದಿಂದ:

ನೆಲದ ಮೇಲೆ ನಿಂತವರು ನಾವು. ಬಸ್ಸಿನ ಬೋರ್ಡು ಓದಿ ದಿನಾ ಬದುಕುವವರು ನಾವು. ಪಾಠ ಬೇಡ.

ಕುಂಬಳೆಯಿಂದ:

ಬದಿಯಡ್ಕದ ಟೀಚರಿಗೆ. ನಾನು ಶಾಲೆಯವನಲ್ಲ. ಬ್ಯಾಂಕಿನಲ್ಲಿದ್ದೆ, ಈಗ ಅಡಿಕೆ ಉಂಟು, ಮಹಾಳಿಯೂ (ಅದೇ ಕೊಳೆರೋಗ) ಉಂಟು. ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಉಂಟು. ಷರತ್ತು ಎಂದರೆ ಒಬ್ಬ ಹಾಕಬೇಕು, ಇನ್ನೊಬ್ಬ ಒಪ್ಪಬೇಕು, ತಪ್ಪಿದರೆ ಒಂದು ದಂಡವೂ ಇರಬೇಕು. ಸಾಲದ ಪತ್ರದಲ್ಲಿ ಹತ್ತು ಹದಿನೈದು ಷರತ್ತು ಓದಿ ಓದಿ ಕಣ್ಣು ಹೋದವನು ನಾನು. ನಿಮ್ಮ ಮೂರನೇ ಸಾಲಿನಲ್ಲಿ ಅಂಥದ್ದೊಂದೂ ಇಲ್ಲ. ಅಲ್ಲಿ ಆಗಿರುವುದು ಇಷ್ಟೇ: 80 ಮರಗಳ ಅಡ್ಡಸಾಲನ್ನು ಅಂಗೈಯಿಂದ ಮುಚ್ಚಿದ್ದೀರಿ. ಕೆಳಗಿನ ಅಂಕೆ 200 ಇದ್ದದ್ದು 120ಕ್ಕೆ ಇಳಿಯಿತು. ಮೇಲಿನ 18 ಅಲ್ಲೇ ಉಳಿಯಿತು.

ಈ ಕೈಮುಚ್ಚುವ ಕೆಲಸವನ್ನು ಕನ್ನಡದಲ್ಲಿ ಒಂದು ಪ್ರತ್ಯಯ ಆಗಲೇ ಮಾಡ್ತಾ ಉಂಟು, 'ಅಲ್ಲಿ'. ಮದ್ದು ಬಿಟ್ಟ ಮರಗಳಲ್ಲಿ ರೋಗದ್ದು, 18/120. ರೋಗ ಬಂದ ಮರಗಳಲ್ಲಿ ಮದ್ದು ಬಿಟ್ಟದ್ದು, 18/50. ಮೇಲಿನ ಅಂಕೆ ಎರಡಕ್ಕೂ ಒಂದೇ. ಯಾವುದಕ್ಕೆ 'ಅಲ್ಲಿ' ಹತ್ತಿತೋ ಅದರ ಮೊತ್ತ ಕೆಳಗೆ ಹೋಗ್ತದೆ. ಮೊದಲನೆಯದು ನೂರಕ್ಕೆ 15, ಎರಡನೆಯದು ನೂರಕ್ಕೆ 36. ಈ ಎರಡನ್ನು ಅದಲು ಬದಲು ಮಾಡಿ "ರೋಗ ಬಂದದ್ದರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮದ್ದು ಬಿಟ್ಟದ್ದೇ, ಮದ್ದಿಂದ ಎಂತದೂ ಆಗುವುದಿಲ್ಲ" ಅಂತ ವಾದ ಮಾಡುವವರು ನಮ್ಮ ಕಡೆ ಪ್ರತಿ ಆಟಿ ತಿಂಗಳ ಮಳೆಯಲ್ಲಿ ಸಿಗುತ್ತಾರೆ. ಅವರನ್ನು ಬಿಡದ ಮರಗಳ ಸಾಲಿಗೆ ಕರೆದುಕೊಂಡು ಹೋಗಿ: 32/80, ನೂರಕ್ಕೆ 40. ಮದ್ದು ಬಿಟ್ಟರೂ ಬಿಡದಿದ್ದರೂ ಒಂದೇ ಎನ್ನುವುದಾಗಿದ್ದರೆ ಎರಡೂ ಸಾಲಿನಲ್ಲಿ ಕಾಲು ಭಾಗವೇ ಬರಬೇಕಿತ್ತು, 120ರಲ್ಲಿ 30, 80ರಲ್ಲಿ 20.

ಇನ್ನೊಂದು. ಪುಸ್ತಕದಲ್ಲಿ ಪಿ(ರೋಗ | ಮದ್ದು) ಅಂತ ನಿಂತ ಗೆರೆ ಎಳೆದು ಬರೆಯುತ್ತಾರೆ. ಗೆರೆಯ ಬಲಕ್ಕೆ ಇರುವುದು ಕನ್ನಡದಲ್ಲಿ ಮೊದಲು ಬರಬೇಕು. ನಮ್ಮ ವಾಕ್ಯದಲ್ಲಿ ಯಾವಾಗಲೂ 'ಬಿಟ್ಟ' ಮುಂದೆ, 'ಮರ' ಹಿಂದೆ. ಮಕ್ಕಳು ಎಡದಿಂದ ಓದಿ "ರೋಗದಲ್ಲಿ ಮದ್ದು" ಅಂತ ಹೇಳುವುದು ಇದರಿಂದಲೇ. ಗೆರೆಯ ಬಲದಿಂದ ಓದಲು ಹೇಳಿ.

'ಬಿಟ್ಟರೆ' ಅಂತ ಮಾತ್ರ ಬರೆಸಬೇಡಿ. "ಮದ್ದು ಬಿಟ್ಟರೆ ರೋಗದ ಸಂಭವ" ಎಂದರೆ ಕಾರಣ ಹೇಳಿದ ಹಾಗಾಗ್ತದೆ. ಕೋಷ್ಟಕಕ್ಕೆ ಕಾರಣ ಗೊತ್ತಿಲ್ಲ. ಮೇ ಕೊನೆಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಮಳೆಯ ಎಡೆಯಲ್ಲಿ ಇನ್ನೊಂದು ಸಲ, ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು ಅಂತ ಲೆಕ್ಕವಾಗಿ ಬಿಡುವವನು ತೋಟದಲ್ಲಿ ನೀರು ಹೋಗುವ ಕಣಿಯನ್ನೂ ಬಿಡಿಸಿರುತ್ತಾನೆ, ಬಿದ್ದ ಕಾಯಿಯನ್ನೂ ಹೆಕ್ಕಿಸಿರುತ್ತಾನೆ. ರೋಗ ಕಡಿಮೆಯಾದದ್ದು ಯಾವುದರಿಂದ? ಆ ಮೂರು ಸಾಲಿನಿಂದ ಹೇಳಲಿಕ್ಕಾಗುವುದಿಲ್ಲ.

'ಸಾಧ್ಯತೆ'ಗೂ ನನ್ನ ಮತ ಇಲ್ಲ, ಮಲಯಾಳದ್ದು ಅಂತಲ್ಲ. ನಮ್ಮ ಬಾಯಲ್ಲಿ ಸಾಧ್ಯ ಎಂದರೆ ಆಗ್ತದೆ, ಅಸಾಧ್ಯ ಎಂದರೆ ಆಗುವುದಿಲ್ಲ. ಎಷ್ಟು ಎಂಬ ಅಳತೆ ಆ ಪದಕ್ಕೆ ಒಗ್ಗುವುದು ಕಷ್ಟ. 'ಸಂಭವ' ಹಾಗಲ್ಲ. "ಇವತ್ತು ಮಳೆ ಬರುವ ಸಂಭವ ಜಾಸ್ತಿ" ಅಂತ ಕೆಲಸದವರೂ ಹೇಳುತ್ತಾರೆ. ಅನೀಯ ಹತ್ತಿದ್ದು ಸರಿಯೋ ತಪ್ಪೋ, ಮಂಜೇಶ್ವರದ ಅಣ್ಣನವರು ನೋಡಿಕೊಳ್ಳಲಿ.

ಮಂಜೇಶ್ವರದಿಂದ:

ತಪ್ಪು ರೂಢಿಯಾದರೆ ಸರಿಯಾಗುವುದಿಲ್ಲ.

ಅಕ್ಕಲಕೋಟೆಯಿಂದ:

ಆಗ್ತದ್ರಿ. ಹಂಗ ಆಗೇ ಭಾಷಾ ಆಗೂದು.

ಬೆಂಗಳೂರಿನಿಂದ:

ಕುಂಬಳೆಯವರು ಹೇಳಿದ್ದರಲ್ಲಿ ಪದ ಎಲ್ಲಿದೆ? ಪ್ರತ್ಯಯವನ್ನು ತಲೆಬರಹಕ್ಕೆ ಇಡಲಾಗುತ್ತದೆಯೇ? ನಾಳೆ ಇದಕ್ಕೆ ಪಾರಿಭಾಷಿಕ ಕೋಶದಲ್ಲಿ ಏನೆಂದು ಅಚ್ಚು ಹಾಕುವುದು? ಪದವಿಲ್ಲದಿದ್ದರೆ ವಿಷಯವೇ ಇಲ್ಲ.

ಕುಂಬಳೆಯಿಂದ:

ಕೋಶಕ್ಕೆ ಬೇಕಾದದ್ದು ಬೇರೆ, ಗೋಡೆಗೆ ಬೇಕಾದದ್ದು ಬೇರೆ ಮಾರಾಯರೇ. ಅಂಗಡಿಯ ಬೋರ್ಡಿಗೆ ಹೊಲಿಗೆ ಅಂಗಡಿ ಅಂತ ಬರೆದರೆ ಸಾಕು, ಸೂಜಿಯ ಇತಿಹಾಸ ಬೇಡ.

ಬದಿಯಡ್ಕದಿಂದ:

ಎಲ್ಲರಿಗೂ ಉಪಕಾರವಾಯಿತು. ನಮ್ಮ ತರಗತಿಯಲ್ಲಿ ಮನೆಮಾತು ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಟಿ. ಕನ್ನಡ ಅವರಿಗೆ ಬೆಂಚಿನ ಮೇಲೆ ಸಿಗುವ ಭಾಷೆ. ಅಲ್ಲಿಂದ ನೋಡಿದರೆ ಸಂಸ್ಕೃತವೂ ಅರಬ್ಬಿಯೂ ಆಗುಮೆಯೂ ಒಂದೇ ದೂರ. ಪರೀಕ್ಷೆಗೆ ಪುಸ್ತಕದ ಪದ ಬೇಕೇ ಬೇಕು, ಅದನ್ನು ಬಿಡಲಿಕ್ಕೆ ನನಗೆ ಅಧಿಕಾರವೂ ಇಲ್ಲ.

ರಾತ್ರಿ ಹುಡುಗಿಗೆ ಫೋನ್ ಮಾಡಿ ಮಾತಾಡಿದೆ. ತಲೆಬರಹ 'ಮದ್ದು ಬಿಟ್ಟವುಗಳಲ್ಲಿ ರೋಗದ ಸಂಭವನೀಯತೆ' ಅಂತ ದೊಡ್ಡ ಅಕ್ಷರದಲ್ಲಿ, 'ಷರತ್ತುಬದ್ಧ' ಅದರ ಕೆಳಗೆ ಸಣ್ಣದಾಗಿ. 80 ಮರಗಳ ಸಾಲಿನ ಮೇಲೆ ಹಳೆ ಕ್ಯಾಲೆಂಡರಿನ ಒಂದು ಪಟ್ಟಿ ಕತ್ತರಿಸಿ ಟೇಪಿನಲ್ಲಿ ಅಂಟಿಸಿದ್ದಾರೆ, ನೋಡುವವರು ಎತ್ತಬಹುದು, ಮುಚ್ಚಬಹುದು. ಕೋಷ್ಟಕಕ್ಕೆ 'ದ್ವಿಮುಖ' ತೆಗೆದು 'ಎರಡು ಕಡೆಯಿಂದ ಓದುವ ಕೋಷ್ಟಕ' ಮಾಡಿದೆವು, ಉದ್ದ ಆಯ್ತು, ಆಗಲಿ. ಪೆನ್ಸಿಲಿನ 'ಷ' ಎಷ್ಟು ಉಜ್ಜಿದರೂ ಹೋಗಲಿಲ್ಲವಂತೆ. ಅದರ ಮೇಲೆ ಒಂದು ಅಡಿಕೆ ಗೊನೆಯ ಚಿತ್ರ ಬಿಡಿಸಿದ್ದಾರೆ.

ಮಂಜೇಶ್ವರದಿಂದ:

ಸಂಭಾವ್ಯತೆ.