ಎರಡು ದಿನದ ವಿಶ್ರಾಂತಿಗೆ ಎಣ್ಣೆ ಅಭ್ಯಂಗ, ಹಬೆ ಸ್ನಾನ: ಮಂಡ್ಯದಿಂದ ಎಲ್ಲಿಗೆ ಹೋಗುವುದು ಒಳ್ಳೆಯದು?

ಕೆರೆಯಂಗಳ, ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಮತ್ತು ಭಾನುವಾರವನ್ನು ನಾವು ದಂಪತಿ, ನಮ್ಮ ಅತ್ತೆಯವರೊಂದಿಗೆ ಊರಿನ ಗದ್ದಲದಿಂದ ಆಚೆ ಕಳೆಯಬೇಕೆಂದಿದ್ದೇವೆ. ದಿನಕ್ಕೆ ಐದು ಜಾಗ ನೋಡಿಕೊಂಡು ಸುಸ್ತಾಗಿ ಮನೆಗೆ ಬರುವ ಪ್ರವಾಸ ನಮಗೆ ಬೇಡ. ಮೈಗೆ ಎಣ್ಣೆ ಹಚ್ಚಿಸಿಕೊಂಡು, ಹಬೆ ತೆಗೆದುಕೊಂಡು, ಹಗುರವಾಗಿ ಉಂಡು, ಮರದ ನೆರಳಿನಲ್ಲಿ ಕುಳಿತು ಬರುವಂತಹ ಹಳ್ಳಿಗಾಡಿನ ಜಾಗವಿದ್ದರೆ ಸಾಕು. ಅತ್ತೆಯವರಿಗೆ ಅರವತ್ತೆಂಟು ವರ್ಷ. ಮಂಡಿನೋವಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ.

‘ವಾರಾಂತ್ಯದ ಪಂಚಕರ್ಮ’ ಎಂಬ ಜಾಹೀರಾತುಗಳು ಈಚೆಗೆ ಬಹಳ ಕಾಣುತ್ತಿವೆ. ಅವುಗಳಿಂದ ನಿಜವಾಗಿ ಪ್ರಯೋಜನವಿದೆಯೇ? ನಮ್ಮ ಯಜಮಾನರು ವಯನಾಡಿಗೇ ಹೋಗೋಣ ಎನ್ನುತ್ತಾರೆ. ಅತ್ತೆಯವರನ್ನು ಅಷ್ಟು ಹೊತ್ತು ಕಾರಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ತೈಲಧಾರೆ, ಮೈಸೂರು

ನಾನು ಆಯುರ್ವೇದ ವೈದ್ಯೆ. ಮೊದಲಿಗೆ ಜಾಹೀರಾತಿನ ವಿಷಯ: ಎರಡು ದಿನದಲ್ಲಿ ಪಂಚಕರ್ಮ ಮುಗಿಯುವುದಿಲ್ಲ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ ಹಾಕುವುದು), ರಕ್ತಮೋಕ್ಷಣ (ರಕ್ತ ಹೊರತೆಗೆಯುವುದು) ಎಂಬ ಶೋಧನ, ಅಂದರೆ ದೇಹಶುದ್ಧಿಯ ಚಿಕಿತ್ಸೆಗಳಿಗೆ ಆ ಹೆಸರು. ವಿರೇಚನವೊಂದನ್ನೇ ಮಾಡಿಸುವುದಾದರೂ ಮೊದಲು ಮೂರರಿಂದ ಏಳು ದಿನ ಪ್ರಮಾಣವನ್ನು ಏರಿಸುತ್ತಾ ಔಷಧಿಯ ತುಪ್ಪವನ್ನು ಕುಡಿಸಬೇಕು, ಬಳಿಕ ಕೆಲವು ದಿನ ಅಭ್ಯಂಗ ಮತ್ತು ಸ್ವೇದನ (ಹಬೆಯಿಂದ ಬೆವರಿಸುವುದು) ಮಾಡಬೇಕು, ಆಮೇಲಷ್ಟೇ ಭೇದಿಯ ಔಷಧಿ ಕೊಡಬೇಕು. ಅದಾದ ಮೇಲೂ ತೆಳುಗಂಜಿಯಿಂದ ಆರಂಭಿಸಿ ಹಂತಹಂತವಾಗಿ ದಿನನಿತ್ಯದ ಊಟಕ್ಕೆ ಮರಳಿಸುವ ಸಂಸರ್ಜನ ಕ್ರಮವಿರುತ್ತದೆ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಬೇಕಾದವರಿಗೆ ಇದು ಆಗುವ ಮಾತಲ್ಲ. ವಾರಾಂತ್ಯದ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಭ್ಯಂಗ, ಸ್ವೇದನ, ಹೆಚ್ಚೆಂದರೆ ಶಿರೋಧಾರೆ (ಹಣೆಯ ಮೇಲೆ ತೈಲದ ಧಾರೆ ಬಿಡುವುದು). ಇವು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆಯಾಸ ಕಳೆಯಲು, ಚೆನ್ನಾಗಿ ನಿದ್ದೆ ಬರಲು ಅಷ್ಟೇ ಸಾಕು. ಆದರೆ ಪಂಚಕರ್ಮದ ದರವನ್ನು ಅವುಗಳಿಗೆ ತೆರಬೇಡಿ.

ನಿಮ್ಮ ಅತ್ತೆಯವರ ವಿಷಯದಲ್ಲಿ ಎಚ್ಚರ ಅಗತ್ಯ. ರಕ್ತದೊತ್ತಡವಿರುವವರನ್ನು ತಲೆ ಮಾತ್ರ ಹೊರಗಿರುವ ಹಬೆಪೆಟ್ಟಿಗೆಯಲ್ಲಿ ಕೂರಿಸುವ ಮೊದಲು ವೈದ್ಯರು ಒತ್ತಡ ಅಳೆದು ನೋಡಲೇಬೇಕು. ಅಳೆಯದೆ ‘ಏನೂ ಆಗುವುದಿಲ್ಲ, ಬನ್ನಿ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಅವರಿಗೆ ಹದವಾದ ಬಿಸಿಯ ಎಣ್ಣೆಯಲ್ಲಿ ಮೃದುವಾದ ಅಭ್ಯಂಗ ಮಾಡಿಸಿ, ಹಬೆಯ ಬದಲು ಬಿಸಿನೀರಿನ ಸ್ನಾನ ಮಾಡಿಸಿದರೆ ಸಾಕು. ಮಂಡಿಗೆ ಜಾನುಬಸ್ತಿ ಎಂಬ ಚಿಕಿತ್ಸೆಯಿದೆ: ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬಿಸಿ ತೈಲವನ್ನು ನಿಲ್ಲಿಸುವುದು. ಇದನ್ನು ಸತತವಾಗಿ ಕೆಲವು ದಿನ ಮಾಡಿಸಬೇಕಾಗುವುದರಿಂದ ವಿಶ್ರಾಂತಿಯ ಪ್ರವಾಸದೊಂದಿಗೆ ಬೆರೆಸಬೇಡಿ. ಮೈಸೂರಿನಲ್ಲಿ 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಅದರ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಮೇಲು.

ಜಾಗವನ್ನು ಗೊತ್ತುಮಾಡುವ ಮೊದಲು ಫೋನಿನಲ್ಲಿಯೇ ಕೇಳಿ: ಆಯುರ್ವೇದ ಪದವೀಧರ ವೈದ್ಯರು ಶನಿವಾರ ಮತ್ತು ಭಾನುವಾರವೂ ಇರುತ್ತಾರೆಯೇ? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ? ಹೆಂಗಸರಿಗೆ ಹೆಂಗಸರೇ ಅಭ್ಯಂಗ ಮಾಡುತ್ತಾರೆಯೇ? ಈ ಮೂರಕ್ಕೂ ನೇರವಾದ ಉತ್ತರ ಬಾರದಿದ್ದರೆ, ತೋಟ ಎಷ್ಟೇ ಚೆನ್ನಾಗಿದ್ದರೂ ಬೇಡ.

ಹಿರೋಡೆ, ಪಾಂಡವಪುರ ತಾಲ್ಲೂಕು

ವೈದ್ಯರ ಮಾತನ್ನು ಒಪ್ಪಿಕೊಂಡು ಜಾಗದ ಬಗ್ಗೆ ಬರೆಯುತ್ತೇನೆ. ನೀವಿರುವುದು ಮಂಡ್ಯ, ಶ್ರೀರಂಗಪಟ್ಟಣದ ಸುತ್ತಲಿನ ಹೊಳೆದಂಡೆಗಾಗಲಿ ಮೇಲುಕೋಟೆಗಾಗಲಿ ಕಾರಿನಲ್ಲಿ ಸುಮಾರು ಒಂದು ಗಂಟೆಯೊಳಗೆ ತಲುಪಬಹುದು. ಮಂಡಿನೋವಿನವರಿಗೆ ಇದೇ ದೊಡ್ಡ ಅನುಕೂಲ.

ನನ್ನ ಆಯ್ಕೆ ಹೊಳೆದಂಡೆ. ನೆಲ ಸಮತಟ್ಟಾಗಿರುತ್ತದೆ, ಜನವರಿಯಲ್ಲಿ ಹವೆ ತಂಪಾಗಿರುತ್ತದೆ, ಸಂಜೆಯ ಹೊತ್ತು ಆಲೆಮನೆಗಳಿಂದ ಬೆಲ್ಲದ ಪರಿಮಳ ಬರುತ್ತದೆ. ಬೆಳಿಗ್ಗೆ ಬೇಗ ರಂಗನತಿಟ್ಟಿಗೆ ಹೋಗಿ ಒಂದು ದೋಣಿ ಸುತ್ತು ಮುಗಿಸಿ ಬಂದರೆ ಉಳಿದ ದಿನವೆಲ್ಲ ನಿಮ್ಮದೇ. 1940ರಿಂದ ಪಕ್ಷಿಧಾಮವಾಗಿರುವ ಆ ತಿಟ್ಟುಗಳಿಗೆ 2022ರಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಎಂಬ ಮಾನ್ಯತೆಯೂ ಸಿಕ್ಕಿದ್ದು, ಭಾನುವಾರ ಹತ್ತು ಗಂಟೆಯ ನಂತರ ಜನ ಮುಗಿಬೀಳುತ್ತಾರೆ. ದೋಣಿ ಹತ್ತಿ ಇಳಿಯುವುದು ಅತ್ತೆಯವರಿಗೆ ಕಷ್ಟವೆನಿಸಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟುವುದರಿಂದ ಜಗುಲಿಯ ಮೇಲೆ ಕುಳಿತೇ ನೋಡಬಹುದು.

ಮೇಲುಕೋಟೆ ಇನ್ನೂ ಶಾಂತ, ಆದರೆ ಅದು ಮೆಟ್ಟಿಲುಗಳ ಊರು. ಚೆಲುವನಾರಾಯಣಸ್ವಾಮಿಯ ದರ್ಶನ ಸುಲಭ. ಯೋಗನರಸಿಂಹನ ಬೆಟ್ಟ ಅವರಿಗೆ ಬೇಡ, ಕಲ್ಯಾಣಿಯನ್ನು ಮೇಲಿನಿಂದಲೇ ನೋಡಲಿ. ಪುಳಿಯೋಗರೆ ಕಟ್ಟಿಸಿಕೊಂಡು ಬರುವುದನ್ನು ಮರೆಯಬೇಡಿ.

ಹೊಳೆ ಹತ್ತಿರವಿದೆಯೆಂದು ಬಲಮುರಿಯಲ್ಲಾಗಲಿ ಸಂಗಮದಲ್ಲಾಗಲಿ ಈಜಲು ಇಳಿಯಬೇಡಿ. ಮೇಲ್ನೋಟಕ್ಕೆ ಮೊಣಕಾಲುದ್ದ ಕಾಣುವ ನೀರಿನಲ್ಲಿ ಬಂಡೆಗಳ ನಡುವೆ ಆಳವಾದ ಗುಂಡಿಗಳಿರುತ್ತವೆ, ಸಾವುಗಳೂ ಸಂಭವಿಸಿವೆ.

ನಂಜನಗೂಡು ರಸಬಾಳೆ

ವಯನಾಡಿನ ಬಗ್ಗೆ ಎರಡು ಮಾತು. ಕೇರಳದಲ್ಲಿ ಪ್ರವಾಸೋದ್ಯಮ ಇಲಾಖೆಯೇ ಆಯುರ್ವೇದ ಕೇಂದ್ರಗಳಿಗೆ ದರ್ಜೆ ಕೊಡುವುದರಿಂದ ಆರಿಸಿಕೊಳ್ಳುವುದು ಸುಲಭ. ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿದೆ. ಆದರೆ ಬಂಡೀಪುರದ ಕಾಡಿನ ಮೂಲಕ ಹೋಗುವ ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಎಚ್.ಡಿ. ಕೋಟೆ ಕಡೆಯ ಬಾವಲಿ ರಸ್ತೆಯಂತೂ ಸಂಜೆ ಆರಕ್ಕೇ ಮುಚ್ಚುತ್ತದೆ. ಶುಕ್ರವಾರ ಕೆಲಸ ಮುಗಿಸಿ ಮಂಡ್ಯದಿಂದ ಹೊರಟರೆ ಗಡಿಯಾರ ನೋಡಿಕೊಂಡೇ ಕಾರು ಓಡಿಸಬೇಕಾದೀತು. ನಾಲ್ಕು ದಿನ ರಜೆ ಸಿಕ್ಕಾಗ ಹೋಗಿ.

ಕೆರೆಯಂಗಳ, ಮಂಡ್ಯ

ಎಲ್ಲರಿಗೂ ಧನ್ಯವಾದಗಳು. ಮನೆಯಲ್ಲಿ ಓದಿ ಹೇಳಿದೆ. ರಸ್ತೆ ಮುಚ್ಚುವ ಸಮಯ ಕೇಳಿದ ಮೇಲೆ ನಮ್ಮ ಯಜಮಾನರೂ ಹೊಳೆದಂಡೆಗೆ ಒಪ್ಪಿದ್ದಾರೆ. ವೈದ್ಯರಲ್ಲಿ ಇನ್ನೊಂದು ಪ್ರಶ್ನೆ: ನಾವು ದಂಪತಿ ಶಿರೋಧಾರೆ ಮಾಡಿಸಿಕೊಳ್ಳಬಹುದೇ? ಎರಡು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ತೈಲಧಾರೆ, ಮೈಸೂರು

ನೆಗಡಿ, ಜ್ವರ, ಅಜೀರ್ಣ ಇಲ್ಲದಿದ್ದರೆ ಮಾಡಿಸಿಕೊಳ್ಳಬಹುದು. ಹಣೆಯ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಬೆಚ್ಚಗಿನ ತೈಲ ಧಾರೆಯಾಗಿ ಬೀಳುತ್ತದೆ. ಶನಿವಾರ ಬೆಳಿಗ್ಗೆ ತಲುಪಿದ ಕೂಡಲೇ ಹೊಟ್ಟೆತುಂಬ ತಿಂಡಿ ತಿಂದು ಅಭ್ಯಂಗಕ್ಕೆ ಮಲಗಬೇಡಿ, ಊಟವಾಗಿದ್ದರೆ ಎರಡು ಮೂರು ಗಂಟೆ ಬಿಡಿ. ಆ ದಿನ ಅಭ್ಯಂಗ ಮತ್ತು ಹಬೆ ಮಾತ್ರ ಸಾಕು. ಶಿರೋಧಾರೆಯನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮುಗಿದ ಮೇಲೆ ತಲೆಗೆ ಗಾಳಿ ಬಡಿಯದಂತೆ ನೋಡಿಕೊಂಡು ಕೆಲವು ಗಂಟೆ ಸುಮ್ಮನಿದ್ದು, ಸಂಜೆ ಹೊರಡಬಹುದು. ಹೀಗಾದರೆ ರಂಗನತಿಟ್ಟು ಶನಿವಾರದ ಬೆಳಿಗ್ಗೆಗೆ ಬರುತ್ತದೆ, ಭಾನುವಾರದ ಜನಜಂಗುಳಿಯೂ ತಪ್ಪುತ್ತದೆ.

ಹಬೆ ತೆಗೆದುಕೊಂಡ ದಿನ ಬಿಸಿ ಅನ್ನ, ತಿಳಿಸಾರು, ಬೆಚ್ಚಗಿನ ನೀರು. ಹಿರೋಡೆಯವರು ಬೇಸರಿಸಿಕೊಳ್ಳಬಾರದು, ಆದರೆ ಹುಳಿ, ಎಣ್ಣೆ, ಉಪ್ಪು ಮುಂದಾಗಿರುವ ಪುಳಿಯೋಗರೆಯನ್ನು ಮನೆಗೆ ಬಂದ ಮೇಲೆ ತಿನ್ನುವುದು ಒಳಿತು, ಅತ್ತೆಯವರಿಗೆ ಅದೂ ಸ್ವಲ್ಪವೇ. ಅವರ ರಕ್ತದೊತ್ತಡದ ಮಾತ್ರೆಯನ್ನು ಯಾರು ಹೇಳಿದರೂ ಆ ಎರಡು ದಿನ ನಿಲ್ಲಿಸಬೇಡಿ. ಎಣ್ಣೆಯ ಕಲೆ ಹೋಗುವುದಿಲ್ಲವಾದ್ದರಿಂದ ಹಳೆಯ ಹತ್ತಿ ಬಟ್ಟೆಗಳನ್ನೇ ತೆಗೆದುಕೊಂಡು ಹೋಗಿ.