ಚೈನ್ ಸಾ ಹಲ್ಲು ಹುಳ ನೋಡಿ ಮಾಡಿದ್ದಂತೆ, ನಿಜವಾ?

ಮೂಡಿಗೆರೆ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ. ಮಗಳು ಒಂಬತ್ತನೇ ಕ್ಲಾಸು. ವಿಜ್ಞಾನ ವಸ್ತುಪ್ರದರ್ಶನಕ್ಕೆ 'ಪ್ರಕೃತಿ ನೋಡಿ ಮಾಡಿದ ವಸ್ತುಗಳು' ಅಂತ ವಿಷಯ ಕೊಟ್ಟಿದ್ದಾರೆ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್, 1941, ನಾಯಿ ಮೈಗೆ ಅಂಟಿದ ಮುಳ್ಳುಕಾಯಿ, ಅದರಿಂದ ವೆಲ್ಕ್ರೋ: ಈ ಕಥೆಯನ್ನು ಆಗಲೇ ಆರು ಮಕ್ಕಳು ಹಿಡಿದಿದ್ದಾರಂತೆ. ಇವಳಿಗೆ ನಮ್ಮ ತೋಟದಲ್ಲೇ ಕಾಣೋದು ಏನಾದರೂ ಬೇಕು.

ಮೊನ್ನೆ ಬೋರರ್, ಅಂದ್ರೆ ಕಾಂಡ ಕೊರೆಯೋ ಹುಳ, ಬಿದ್ದ ಗಿಡ ಕೀಳಿಸ್ತಾ ಇದ್ದೆವು. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬು ಗೆರೆ ಎದ್ದ ಗಿಡಗಳು. ಸುಡೋ ಮೊದಲು ಒಂದು ಕಾಂಡ ಸೀಳಿ ಅವಳಿಗೆ ತೋರಿಸಿದೆ. ಅಷ್ಟರಲ್ಲಿ ಮರಗಸಿಗೆ (ನೆರಳು ಮರದ ಕೊಂಬೆ ಸವರೋಕೆ) ಬರೋ ಹುಡುಗ, "ನಮ್ಮ ಮರ ಕುಯ್ಯೋ ಮೆಷಿನ್ ಚೈನ್ ಮಾಡಿದ್ದೂ ಇಂಥ ಹುಳ ನೋಡೇ ಅಂತೆ" ಅಂದ. ಆಗಿನಿಂದ ಅವಳಿಗೆ ಬೇರೆ ಮಾತೇ ಇಲ್ಲ. ನಿಜವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇಲೂರು ಮೆಕ್ಯಾನಿಕ್:
ನಿಜ ಸರ್. ಹದಿನೇಳು ವರ್ಷದಿಂದ ಚೈನ್ ಸಾ ರಿಪೇರಿ ಮಾಡ್ತಾ ಇದ್ದೀನಿ, ಈ ವಿಷಯ ಕೇಳಿದವರು ನೀವೇ ಮೊದಲು. ತುಂಬ ಖುಷಿಯಾಯ್ತು.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯೋ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಅಂತ ಒಬ್ಬರು. ಆಗಿನ ಚೈನಿಗೆ ಕೈಗರಗಸದ ಹಾಗೆ ನೆಟ್ಟಗೆ ನಿಂತ ಹಲ್ಲುಗಳು. ಮರವನ್ನು ಕೆರೆಯೋದೇ ಹೆಚ್ಚು, ಬೇಗ ಮೊಂಡಾಗೋದು, ಹಲ್ಲು ಹಲ್ಲಿಗೂ ಅರ ಹಾಕ್ತಾ ಕೂರಬೇಕು. 1946ರಲ್ಲಿ ಅವರು ಸೌದೆ ಒಡೆಯುವಾಗ ತೋರುಬೆರಳಿನಷ್ಟು ದಪ್ಪದ ಜೀರುಂಡೆ ಮರಿಹುಳ ಸಿಕ್ತು. ಗಟ್ಟಿ ಮರವನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿಂದುಕೊಂಡು ಹೋಗ್ತಿತ್ತು. ಅದರ ದವಡೆ ನಮ್ಮ ಥರ ಮೇಲೆ ಕೆಳಗೆ ಆಡಲ್ಲ. ಎಡಕ್ಕೊಂದು, ಬಲಕ್ಕೊಂದು, ಬಾಗಿದ ಉಳಿಯ ಹಾಗೆ ಇರುತ್ತೆ. ಕಾಕ್ಸ್ ಅದೇ ಆಕಾರವನ್ನು ಉಕ್ಕಿನಲ್ಲಿ ತಂದರು. 1947ರಲ್ಲಿ ಪೋರ್ಟ್‌ಲ್ಯಾಂಡಿನ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಚೈನ್ ಮಾಡಿ ಮಾರೋಕೆ ಶುರು ಮಾಡಿದರು. ಈಗಲೂ ಅಂಗಡಿಯಲ್ಲಿ ಸಿಗೋ ಒರೆಗಾನ್ ಚೈನ್ ಅದೇ ಕಂಪನಿಯದು.

ಮಗಳಿಗೆ ಒಂದು ಹಳೇ ಚೈನ್ ಕೈಗೆ ಕೊಡಿ. ಒಂದು ಹಲ್ಲು ಎಡಕ್ಕೆ ಬಾಗಿದ್ರೆ ಮುಂದಿನದು ಬಲಕ್ಕೆ. ಪಕ್ಕದಿಂದ ನೋಡಿದ್ರೆ ಹಲ್ಲಿನ ಒಳಮೈ ಸರಿಯಾಗಿ ಕೊಕ್ಕೆ ಆಕಾರ. ಪ್ರತಿ ಹಲ್ಲಿನ ಮುಂದೆ ಒಂದು ಮೊಟಕು ಗುಬ್ಬಿ ಇದೆಯಲ್ಲ, ಹಲ್ಲು ಒಂದು ಸಲಕ್ಕೆ ಎಷ್ಟು ಮರ ತೆಗೀಬೇಕು ಅಂತ ತಡೆಯೋದು ಅದು. ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗು, ಅಷ್ಟೇ. ಅದನ್ನು ಜಾಸ್ತಿ ಅರೆದುಬಿಟ್ಟರೆ ಮೆಷಿನ್ ಎಗರುತ್ತೆ, ಕೈಕಾಲಿಗೆ ಅಪಾಯ. ಮರಗಸಿ ಹುಡುಗರಿಗೆ ನಾನು ಸಾರಿ ಸಾರಿ ಹೇಳೋದು ಇದನ್ನೇ.

ಇನ್ನೊಂದು. ಹರಿತ ಚೈನಿನಿಂದ ಚಕ್ಕೆ ಬರುತ್ತೆ, ಮೊಂಡು ಚೈನಿನಿಂದ ಹಿಟ್ಟು ಬರುತ್ತೆ. ಸಿಲ್ವರ್ ಓಕ್ ಮರ ಕುಯ್ಯುವಾಗ ಎರಡೂ ಒಂದೊಂದು ಹಿಡಿ ಹಿಡಿದಿಟ್ಟುಕೊಳ್ಳಿ. ಪ್ರದರ್ಶನದ ಮೇಜಿನ ಮೇಲೆ ಅದಕ್ಕಿಂತ ಚೆನ್ನಾಗಿ ವಿಷಯ ಹೇಳೋದು ಯಾವುದೂ ಇಲ್ಲ.

ಸಕಲೇಶಪುರ ಅಕ್ಕ:
ಮೆಕ್ಯಾನಿಕ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಾಕ್ಸ್ ನೋಡಿದ ಹುಳವೂ ನಮ್ಮ ಕಾಫಿ ಕಾಂಡಕೊರಕವೂ ಒಂದೇ ಜಾತಿಯಲ್ಲ. ಆದರೆ ಎರಡೂ ಉದ್ದ ಮೀಸೆಯ ಜೀರುಂಡೆಗಳ ಒಂದೇ ಕುಟುಂಬದವು. ಹಾಗಾಗಿ ಮಗಳು 'ನಮ್ಮ ಬೋರರ್‌ನ ನೆಂಟ' ಅಂತ ಬರೆದರೆ ಸರಿ, 'ನಮ್ಮ ಬೋರರ್' ಅಂತ ಬರೆದರೆ ತಪ್ಪು.

ಸರ್, ಹುಳವಿರೋ ಕಾಂಡ ಹಾಗೇ ಮನೇಲಿ ಇಡಬೇಡಿ. ಒಳಗಿರೋದು ಜೀರುಂಡೆಯಾಗಿ ಹಾರಿ ಪಕ್ಕದ ಗಿಡದ ತೊಗಟೆ ಬಿರುಕಲ್ಲಿ ಮೊಟ್ಟೆ ಇಡುತ್ತೆ. ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್, ಅದು ಹಾರೋ ಕಾಲ. ಸೀಳಿದ ತುಂಡನ್ನು ಕುದಿಯೋ ನೀರಲ್ಲಿ ಚೆನ್ನಾಗಿ ಬೇಯಿಸಿ ಒಣಗಿಸಿದ ಮೇಲೇ ಶಾಲೆಗೆ ಕಳಿಸಿ. ನಮ್ಮ ತೋಟದಲ್ಲಿ ಒಂದು ವರ್ಷ ಕಿತ್ತ ಗಿಡ ಸುಡದೆ ಸೌದೆ ಕೊಟ್ಟಿಗೆಯಲ್ಲಿ ರಾಶಿ ಹಾಕಿದ್ದೆವು. ಕೊಟ್ಟಿಗೆ ಪಕ್ಕದ ಸಾಲು ಪೂರ್ತಿ ಹೋಯ್ತು, ನಮ್ಮತ್ತೆ ನೆಟ್ಟ ಗಿಡಗಳು.

ಹಾಸನ ಮೇಷ್ಟ್ರು:
ಜಾಗ ಉಳಿದರೆ ಇದನ್ನೂ ಸೇರಿಸಲಿ. ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಹಡಗಿನ ಮರ ಕೊರೆಯುವ ಜೀವಿಯನ್ನು ಗಮನಿಸಿ ಸುರಂಗ ತೋಡುವಾಗ ಮಣ್ಣು ಕುಸಿಯದಂತೆ ತಡೆಯುವ ಕವಚಕ್ಕೆ 1818ರಲ್ಲಿ ಪೇಟೆಂಟ್ ಪಡೆದರು. ಹಡಗುಹುಳ ಅಂತಾರೆ, ಆದರೆ ಅದು ಹುಳವಲ್ಲ, ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ. ತಲೆಯ ಚಿಪ್ಪಿನಿಂದ ಕೊರೆಯುತ್ತಾ, ಹಿಂದೆ ಬಿಲದ ಗೋಡೆಗೆ ಸುಣ್ಣದಂಥ ಪದರ ಹಚ್ಚುತ್ತಾ ಹೋಗುತ್ತದೆ. ಅದೇ ಕ್ರಮದಲ್ಲಿ, ಮುಂದೆ ಅಗೆಯುತ್ತಾ ಹಿಂದೆ ಇಟ್ಟಿಗೆ ಕಟ್ಟುತ್ತಾ ಲಂಡನ್ನಿನ ಥೇಮ್ಸ್ ನದಿಯಡಿ ಸುರಂಗ ಆಯಿತು. ಅದು ಜನರಿಗೆ ತೆರೆದದ್ದು 1843ರಲ್ಲಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ರೈಲು ಸುರಂಗ ದಾಟಿದ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಮೂಡಿಗೆರೆ ಬೆಳೆಗಾರ:
ಮೂವರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕಾಂಡ ಬೇಯಿಸಿ ಆಯ್ತು. ಬಿಲದೊಳಗೆ ಹುಡಿ ಎಷ್ಟು ಬಿಗಿಯಾಗಿ ತುಂಬಿತ್ತು ಅಂದ್ರೆ ಸೂಜಿಯಲ್ಲಿ ಕೆದಕಿ ತೆಗೆಯೋಕೆ ಅವಳಿಗೆ ಒಂದು ಗಂಟೆ ಹಿಡೀತು. ತಿರುವಿನಲ್ಲೂ ಬಿಲದ ಗೋಡೆ ನುಣ್ಣಗೆ, ಒಂದು ಸೀಳಿಲ್ಲ. ಭೂತಗನ್ನಡಿ ಹಿಡಿದು ಹುಳದ ಬಾಯಿ ನೋಡಿದಳು: ಕಂದು ಬಣ್ಣದ ಎರಡು ಚುಕ್ಕಿ, ಒಂದಕ್ಕೊಂದು ಎದುರುಬದುರು. ಅದನ್ನೇ ಬೋರ್ಡಿನಲ್ಲಿ ದೊಡ್ಡದಾಗಿ ಬರೀತಾ ಇದ್ದಾಳೆ.

ಬೇಲೂರು ಅಣ್ಣ, ಹಳೇ ಚೈನ್ ಒಂದಿದ್ರೆ ಇಟ್ಟಿರಿ. ಶನಿವಾರ ಅವಳನ್ನೂ ಕರ್ಕೊಂಡು ಬರ್ತೀನಿ, ಅರ ಹಾಕೋದು ನೋಡ್ಬೇಕಂತೆ.